ದಿನದ ನಾರ್ಮಲ್

ಗುರುವಾರ, ಮಧ್ಯಾಹ್ನ

ಪ್ರೀತಿಯ ಮೊಂಡನಿಗೆ ಅಣ್ಣನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಪತ್ರವೆಂದರೆ ಮೊದಲ ಸಾಲು ಹೀಗೇ ಇರಬೇಕೆಂದು ಅಮ್ಮ ಕಲಿಸಿದ್ದಾಳೆ, ಬರೆದಿದ್ದೇನೆ. ಇನ್ನು ಎರಡನೆಯ ಸಾಲು: ಶನಿವಾರ ನಿನ್ನ ಹೊಸ ಕ್ಲಿನಿಕ್ಕಿನ ಉದ್ಘಾಟನೆಯಲ್ಲಿ ನೀನು ಆ ಕುರ್ಚಿಯಲ್ಲಿ ಕೂರಬೇಡ. ಆ ವಿಟಮಿನ್ ಡ್ರಿಪ್ ಹಾಕಿಸಿಕೊಳ್ಳಬೇಡ. ಬೇರೆ ಏನು ಬೇಕಾದರೂ ಮಾಡು. ರಿಬ್ಬನ್ ಕತ್ತರಿಸು, ಭಾಷಣ ಮಾಡು, ಬಂದವರಿಗೆಲ್ಲ ಕಾಫಿ ಕೊಡು. ನಿನ್ನ ನರಕ್ಕೆ ಮಾತ್ರ ಆ ಬಾಟಲಿ ಏರಬಾರದು. ಪತ್ರವನ್ನು ಹರಿದು ಎಸೆಯಬೇಕೆಂದಿದ್ದರೆ ಇಷ್ಟು ಓದಿಕೊಂಡು ಎಸೆ.

ಎಸೆದಿಲ್ಲ ತಾನೇ? ಹಾಗಾದರೆ ಮುಂದೆ ಹೇಳುತ್ತೇನೆ. ಅಕ್ಷರ ನೋಡಿ ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಸ್ವಲ್ಪ ಹಿಡಿದುಕೊಂಡಿದೆ. ಏನಿಲ್ಲ, ಮಲಗಿದ್ದು ಸರಿಯಿರಲಿಲ್ಲ. ಕಾಗೆ ಕಾಲು ಗುಬ್ಬಿ ಕಾಲು ಎಂದು ನಿನ್ನ ಅಕ್ಷರವನ್ನು ಆಡಿಕೊಳ್ಳುತ್ತಿದ್ದ ನನಗೆ ಈಗ ತಕ್ಕ ಶಾಸ್ತಿಯಾಗಿದೆ ಅಂದುಕೋ.

ಈ ಕಾಲದಲ್ಲಿ ಯಾರಪ್ಪ ಪತ್ರ ಬರೆಯುತ್ತಾರೆ ಎನ್ನುತ್ತೀಯ. ಬೇರೆ ದಾರಿ ಎಲ್ಲಿ ಬಿಟ್ಟಿದ್ದೀಯ? ನನ್ನ ನಂಬರು ಬ್ಲಾಕ್. ನಿನ್ನ ಅತ್ತಿಗೆಯ ನಂಬರೂ ಬ್ಲಾಕ್, ಪಾಪ ಅವಳೇನು ಮಾಡಿದ್ದಳು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಮುಂದಿನ ಮೇಜಿನ ಹುಡುಗಿ, “ಸಾರ್ ಅಣ್ಣನವರಾ? ಹಾಗಾದ್ರೆ ಸಾರ್ ಇಲ್ಲ” ಎಂದು ಇಟ್ಟುಬಿಡುತ್ತಾಳೆ. ನಮ್ಮ ದೊಡ್ಡ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ತಾವೇ ಮಾಡಿದರು. ಅವರನ್ನೂ ನನ್ನ ಕಡೆಯ ಯಾರೋ ಹೆಂಗಸೆಂದು ತಿಳಿದು, “ಮೇಡಂ, ಈ ಆಟ ಎಲ್ಲ ನಮ್ ಹತ್ರ ಬೇಡ” ಎಂದಳಂತೆ. ಮೇಡಂಗೆ ಅಂಥ ಮಾತು ಯಾರೂ ಆಡಿದವರಿಲ್ಲ. ನಿನ್ನ ಪಾಲುದಾರ ಡಾಕ್ಟರು ಶನಿವಾರ ಬೆಳಿಗ್ಗೆ ವಿಮಾನದಿಂದ ಇಳಿದು ನೇರ ಉದ್ಘಾಟನೆಗೇ ಬರುತ್ತಾರಂತೆ, ಅಲ್ಲಿಯವರೆಗೆ ಸಿಗುವುದಿಲ್ಲವಂತೆ. ಇನ್ನು ಉಳಿದದ್ದು ಐಸಣ್ಣ ಒಬ್ಬರೇ. ನಿಮ್ಮ ಕ್ಲಿನಿಕ್ಕಿನಿಂದ ನಮ್ಮ ಲ್ಯಾಬಿಗೆ ಐಸ್ ಪೆಟ್ಟಿಗೆಯಲ್ಲಿ ರಕ್ತ ತರುವವರು ವಾಪಸ್ಸು ಹೋಗುವಾಗ ನನ್ನ ಪತ್ರ ಒಯ್ಯುತ್ತಾರೆ.

ಆ ಹುಡುಗಿಯದು ತಪ್ಪಿಲ್ಲ ಬಿಡು. ಕಳೆದ ತಿಂಗಳು ನಾನೇ ಫೋನ್ ಮಾಡಿ, ನಿಮ್ಮ ಡ್ರಿಪ್ ಬಾಟಲಿಗಳಲ್ಲಿ ಬೂಷ್ಟು ಕಂಡಿದೆ, ಉದ್ಘಾಟನೆ ಮುಂದಕ್ಕೆ ಹಾಕಿ ಎಂದಿದ್ದೆ. ಬೂಷ್ಟೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಿನ್ನನ್ನು ಹೇಗಾದರೂ ನಿಲ್ಲಿಸಬೇಕೆಂಬ ಹಟ. ತೋಳ ಬಂತು ತೋಳ ಎಂದು ಒಮ್ಮೆ ಕೂಗಿ ಆಗಿದೆ, ಈಗ ತೋಳ ನಿಜವಾಗಿಯೂ ಬಾಗಿಲಲ್ಲಿ ನಿಂತಿರುವಾಗ ಯಾರೂ ಕಿವಿಗೊಡುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸುಮ್ಮನೆ ಬೇಡ ಎಂದರೆ ನೀನು ಕೇಳುವ ಜಾತಿಯವನಲ್ಲ. ಬಾವಿಗೆ ಬೀಳಬೇಡ ಎಂದರೆ ಆಳ ಎಷ್ಟಿದೆ ಎಂದು ಕೇಳುವವನು.

ಸ್ವಲ್ಪ ತಾಳ್ಮೆಯಿಂದ ಓದು. ನೀನು ಇಷ್ಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವನು, ನರ ಹುಡುಕುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಆದರೆ ಟ್ಯೂಬು ನಿನ್ನ ಕೈ ಬಿಟ್ಟ ಮೇಲೆ ಇಲ್ಲಿ ಏನಾಗುತ್ತದೆಂದು ನೀನು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ. ಕೆಂಪು ರಕ್ತಕಣ ದಿನವಿಡೀ ಆಮ್ಲಜನಕ ಹೊತ್ತು ತಿರುಗುತ್ತದೆ. ಹೊತ್ತು ಹೊತ್ತು ಅದಕ್ಕೇ ತುಕ್ಕು ಹಿಡಿಯುವ ಹಾಗಾಗುತ್ತದೆ. ಆ ತುಕ್ಕನ್ನು ಆಗಿಂದಾಗ್ಗೆ ಉಜ್ಜಿ ತೆಗೆಯುವ ವಸ್ತುವೊಂದು ಕಣದೊಳಗೇ ಇದೆ, ಗ್ಲುಟಥಯೋನ್ ಅಂತ. ನಿಮ್ಮ ಕ್ಲಿನಿಕ್ಕಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೀರಲ್ಲ ಆಂಟಿಆಕ್ಸಿಡೆಂಟ್ ಎಂದು, ಅದರಲ್ಲಿ ಇದೂ ಒಂದು. ಅದು ಎಷ್ಟಿದೆ ಎಂದು ನೋಡುವುದೇ ನನ್ನ ಮೇಜಿನ ಕೆಲಸ. ರಕ್ತ ಐಸಿನಲ್ಲಿ ಬರಬೇಕು, ಬಂದ ಕೂಡಲೇ ಕಣ ಒಡೆದು ತಿಳಿ ತೆಗೆದು ಔಷಧಿ ಹನಿಸಬೇಕು. ಹನಿಸಿದರೆ ಹಳದಿ ಬಣ್ಣ ಬರುತ್ತದೆ. ಹಳದಿ ಗಾಢವಾದಷ್ಟೂ ಮೈಯಲ್ಲಿ ಕಾವಲು ಗಟ್ಟಿ.

ಆದರೆ ಯಾವುದು ಗಾಢ, ಯಾವುದು ತೆಳು? ಔಷಧಿಯ ಹೊಸ ಬಾಟಲಿ ಒಡೆದಾಗಲೆಲ್ಲ ಬಣ್ಣ ಒಂದಿಷ್ಟು ಆಚೀಚೆ ಆಗುತ್ತದೆ. ಹೋಲಿಸಿ ನೋಡಲು ಒಂದು ಅಳತೆ ಬೇಕು. ಬೇರೆ ಟೆಸ್ಟುಗಳಿಗೆ ನಾವು ಅಳತೆಯ ರಕ್ತವನ್ನು ಕಂಪನಿಯಿಂದ ತರಿಸುತ್ತೇವೆ. ಈ ಟೆಸ್ಟಿಗೆ ತಾಜಾ ರಕ್ತವೇ ಆಗಬೇಕೆಂದು ನಮ್ಮ ಲ್ಯಾಬಿನಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಬೆಳಿಗ್ಗೆ ಆರೋಗ್ಯವಾಗಿರುವ ಒಬ್ಬರಿಂದ ಒಂದು ಟ್ಯೂಬು ರಕ್ತ ತೆಗೆಯುವುದು, ಅದರ ಮೇಲೆ ‘ನಾರ್ಮಲ್’ ಎಂದು ಚೀಟಿ ಅಂಟಿಸುವುದು, ಅದರ ಹಳದಿಯನ್ನು ನೂರು ಎಂದು ಹಿಡಿಯುವುದು, ಆ ದಿನ ಬಂದ ರಕ್ತವನ್ನೆಲ್ಲ ಅದಕ್ಕೆ ಹೋಲಿಸಿ ಅಳೆಯುವುದು.

ಆ ಆರೋಗ್ಯವಾಗಿರುವ ಒಬ್ಬರು ಯಾರು ಎಂದು ಕೇಳು. ನಾನೇ. ಬಿಪಿ ಇಲ್ಲ, ಶುಗರ್ ಇಲ್ಲ, ಸಿಗರೇಟಿಲ್ಲ, ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವನು ಬೇರೆ. ರಕ್ತ ತೆಗೆಯುವ ಸೂಜಿ ಅಕ್ಕ ಬ್ಯಾಗು ಇಡುವ ಮೊದಲೇ, “ನಾರ್ಮಲ್ ಬಂದ್ರಾ? ಕೈ ಕೊಡಿ ಮತ್ತೆ” ಎನ್ನುತ್ತಾಳೆ. ಹೆಸರು ಹಾಗೇ ನಿಂತುಬಿಟ್ಟಿದೆ. ಕೆಳಗಿನ ಟೀ ಅಂಗಡಿಯವನೂ “ನಾರ್ಮಲ್‌ಗೊಂದು ಟೀ” ಎಂದೇ ಕೂಗುವುದು. ನನಗೂ ಒಳಗೊಳಗೇ ಜಂಬವಿತ್ತು ಕಣೋ, ಸುಳ್ಳೇಕೆ ಹೇಳಲಿ. ಊರಿನವರ ಆರೋಗ್ಯವನ್ನೆಲ್ಲ ಅಳೆಯುವ ಸೇರು ನನ್ನ ಮೊಣಕೈ ಮಡಿಕೆಯಲ್ಲಿದೆ ಎಂದುಕೊಳ್ಳುತ್ತಿದ್ದೆ. ಸೇರೇ ತೂತಾಗಿದ್ದರೆ ಎಂದು ಒಂದು ದಿನವೂ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಬಂದವರೆಲ್ಲ ನೂರಕ್ಕಿಂತ ಮೇಲೆ. ಮೆಟ್ಟಿಲು ಹತ್ತಿ ಬರಲು ಏದುಸಿರು ಬಿಡುತ್ತಿದ್ದ ತಾತ ನೂರಾ ನಲವತ್ತು. ಸಿಗರೇಟಿನ ವಾಸನೆ ಹೊಡೆಯುವ ಲಾರಿ ಚಾಲಕ ನೂರಾ ಮೂವತ್ತು. ನಾವು ಅನುಮಾನಪಡುವ ಬದಲು ಹಿಗ್ಗಿದೆವು. “ನಮ್ ಊರ್ ಜನ ಗಟ್ಟಿಮುಟ್ಟು” ಎಂದು ಸೂಜಿ ಅಕ್ಕ ಹೇಳಿದರೆ, ನಾನು, “ಹೌದಮ್ಮ, ತರಕಾರಿ ಚೆನ್ನಾಗಿ ತಿಂತಾರೆ” ಎಂದು ತಲೆಯಾಡಿಸಿದೆ. ರಿಪೋರ್ಟು ನೋಡಿ ಬಂದವರೂ ಖುಷಿ, ಕಳಿಸಿದ ಡಾಕ್ಟರೂ ಖುಷಿ. ಎಲ್ಲರೂ ಖುಷಿಯಾಗಿರುವಾಗ ತಪ್ಪು ಹುಡುಕುವವರು ಯಾರು?

ಹೋದ ವಾರ ನಿನ್ನ ಟ್ಯೂಬು ಬಂತು. ಡ್ರಿಪ್ ಹಾಕಿಸಿಕೊಳ್ಳುವವರೆಲ್ಲ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು, ಮೊದಲ ಕುರ್ಚಿಯಲ್ಲಿ ಕೂರುವ ನೀನೂ ಮಾಡಿಸಬೇಕು ಎಂದು ನಿನ್ನ ಡಾಕ್ಟರು ಇಟ್ಟ ನಿಯಮ ಒಳ್ಳೆಯದೇ. ಚೀಟಿಯ ಮೇಲೆ ನಿನ್ನ ಸಹಿ ನೋಡಿ ನನ್ನ ಕೈ ಒಂದು ಕ್ಷಣ ನಿಂತಿತು. ನಾಲ್ಕು ತಿಂಗಳಿಂದ ಮಾತಿಲ್ಲ ಕತೆಯಿಲ್ಲ, ಈಗ ತಮ್ಮನೇ ಐಸಿನಲ್ಲಿ ಕೂತು ಬಂದ ಹಾಗಾಯಿತು. ಬೇರೆ ಯಾರಿಗೂ ಕೊಡದೆ ನಾನೇ ಮಾಡಿದೆ. ನೂರಕ್ಕೆ ಸರಿಯಾಗಿ ನೂರು. ಎಲ್ಲರೂ ನೂರಾ ಮೂವತ್ತು, ನೂರಾ ನಲವತ್ತು ಇರುವ ಕಡೆ ನೀನೊಬ್ಬ ಮಾತ್ರ ನನಗೆ ಸರಿಸಮ. ಎರಡು ಟ್ಯೂಬನ್ನೂ ಅಕ್ಕಪಕ್ಕ ಬೆಳಕಿಗೆ ಹಿಡಿದು ಸೂಜಿ ಅಕ್ಕನಿಗೆ ತೋರಿಸಿದೆ. “ಅಣ್ಣ ತಮ್ಮ ಅಂದ್ರೆ ಹೀಗಿರ್ಬೇಕು ನೋಡಿ” ಎಂದಳು. ನನಗೆ ಕಣ್ಣು ತುಂಬಿ ಬಂತು. ‘ನಾರ್ಮಲ್’ ಎಂದು ಬರೆದು ಸಹಿ ಹಾಕಿ ಕಳಿಸಿದೆ. ಆ ಸಹಿಯನ್ನು ನಂಬಿಯೇ ನೀನು ಶನಿವಾರ ಕುರ್ಚಿ ಏರಲಿದ್ದೀಯ. ಆ ಕಾಗದವನ್ನು ಮೊದಲು ಹರಿದು ಹಾಕು.

ಏಕೆಂದು ಕೇಳು. ಸೋಮವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಸ್ವಲ್ಪ ಸುಸ್ತು, ಹೇಳುವಂಥದ್ದೇನಲ್ಲ. ನಾರ್ಮಲ್ ಇಲ್ಲದೆ ಟೆಸ್ಟು ನಡೆಯುವ ಹಾಗಿಲ್ಲ, ಕೊನೆಗೆ ಸೂಜಿ ಅಕ್ಕನೇ ತೋಳು ಮಡಚಿ ಕೂತಳಂತೆ. ದಿನವೆಲ್ಲ ಊರಿಗೆಲ್ಲ ಚುಚ್ಚುವವಳು ತನ್ನ ಸರದಿ ಬಂದಾಗ ಕಣ್ಣು ಮುಚ್ಚಿ, “ಮೇಡಂ, ನಿಧಾನ, ನಿಧಾನ” ಎಂದು ಕಿರುಚಿದಳಂತೆ. ಮೇಡಂ ತೆಗೆದರು. ಔಷಧಿ ಹನಿಸಿದರೆ ಅವಳ ಟ್ಯೂಬು ಅಚ್ಚ ಹಳದಿ. ಹಿಂದೆಂದೂ ನಾರ್ಮಲ್ ಟ್ಯೂಬು ಅಷ್ಟು ಗಾಢವಾಗಿ ನೋಡಿರಲಿಲ್ಲ ಎಂದು ಮೇಡಂ ಮೊದಲು ಮಷೀನನ್ನು ಬೈದರು, ಆಮೇಲೆ ಔಷಧಿಯನ್ನು ಬೈದರು. ಹೊಸ ಬಾಟಲಿ ಒಡೆದರು, ಅದೇ ಬಣ್ಣ. ಮೇಡಂ ತಮ್ಮದೇ ರಕ್ತ ತೆಗೆಸಿ ನೋಡಿದರು, ಅದೂ ಗಾಢ. ಅಂದು ಬಂದ ರಕ್ತವೆಲ್ಲ ಇದ್ದಕ್ಕಿದ್ದಂತೆ ತೊಂಬತ್ತು, ತೊಂಬತ್ತೈದಕ್ಕೆ ಇಳಿದು ಕೂತಿತ್ತು. ಊರಿನವರು ಗಟ್ಟಿಮುಟ್ಟಲ್ಲ, ಇರಬೇಕಾದಷ್ಟೇ ಇದ್ದಾರೆ. ತೆಳುವಾಗಿದ್ದದ್ದು ನಾನು.

ಹೋದ ಶನಿವಾರ ತೆಗೆದು ಫ್ರಿಜ್ಜಿನಲ್ಲಿ ಉಳಿದಿದ್ದ ನನ್ನ ರಕ್ತವನ್ನು ಮೇಡಂ ಬೇರೆ ಟೆಸ್ಟಿಗೆ ಹಾಕಿದರು. ಗ್ಲುಟಥಯೋನನ್ನು ಮತ್ತೆ ಮತ್ತೆ ತಾಜಾ ಮಾಡುವ ಕಿಣ್ವವೊಂದಿದೆ, ಜಿ6ಪಿಡಿ ಎನ್ನುತ್ತಾರೆ. ನೀನು ನರ್ಸಿಂಗಿನಲ್ಲಿ ಓದಿರುತ್ತೀಯ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೀಯ. ಅದು ನನ್ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿನಿಂದಲೇ ಹಾಗೆ. ಸುಮ್ಮನಿದ್ದರೆ ಏನೂ ಗೊತ್ತಾಗುವುದಿಲ್ಲ, ನಾನು ಇಷ್ಟು ವರ್ಷ ಬದುಕಲಿಲ್ಲವೇ? ಆದರೆ ಕೆಲವು ಔಷಧಿ ಮೈಗೆ ಸೇರಿದರೆ ಕೆಂಪುಕಣಗಳು ಪಟಪಟನೆ ಒಡೆದುಹೋಗುತ್ತವೆ. ಅಂಥ ಔಷಧಿಗಳ ಸಾಲಿನಲ್ಲಿ, ಸರಿಯಾಗಿ ಓದಿಕೋ, ನರಕ್ಕೆ ನೇರವಾಗಿ ಏರಿಸುವ ವಿಟಮಿನ್ ಸಿ ಕೂಡ ಇದೆ, ನಿಮ್ಮ ಬಾಟಲಿಯಲ್ಲಿರುವಷ್ಟು ಪ್ರಮಾಣದಲ್ಲಿ. ಹಣ್ಣಿನಲ್ಲಿ ತಿಂದರೆ ಕಾಯುವುದೇ ಅಷ್ಟೊಂದು ಸುರಿದರೆ ತಿರುಗಿಬೀಳುತ್ತದೆ. ನಾವು ಎರಡನೆಯ ಲೋಟ ಹಾಲು ಕೇಳಿದಾಗಲೆಲ್ಲ ಅಮ್ಮ, ಅತಿಯಾದರೆ ಅಮೃತವೂ ವಿಷ ಎನ್ನುತ್ತಿದ್ದಳು. ಹಾಲು ಉಳಿಸಲು ಹೇಳುತ್ತಿದ್ದಾಳೆ ಎಂದು ನಾವು ನಗುತ್ತಿದ್ದೆವು.

ಈಗ ಲೆಕ್ಕ ನೀನೇ ಹಾಕು. ನಿನ್ನ ರಕ್ತ ನನ್ನ ರಕ್ತಕ್ಕೆ ಸರಿಸಮ ಬಂತು. ನನ್ನದು ಕೆಟ್ಟದ್ದು. ಅಂದ ಮೇಲೆ ನಿನ್ನದು?

ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದಂತೆ. ನಮ್ಮ ಸೋದರಮಾವನನ್ನು ನೀನು ನೋಡಿಲ್ಲ, ನನಗೆ ಮಸುಕು ಮಸುಕಾಗಿ ನೆನಪಿದೆ. ಜ್ವರಕ್ಕೆ ಏನೋ ಮಾತ್ರೆ ಕೊಟ್ಟರು, ಮೈಯೆಲ್ಲ ಹಳದಿಯಾಯಿತು, ವಾರದೊಳಗೆ ಹೋಗಿಬಿಟ್ಟ. ಕಾಮಾಲೆ ಎಂದರು, ಮುಗಿಯಿತು. ಆಮೇಲೆ ನೀನು. ಹೈಸ್ಕೂಲಿನಲ್ಲಿ ಜ್ವರ ಬಂದು ಮಾತ್ರೆ ನುಂಗಿದ ಮೇಲೆ ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತಲ್ಲ, ಜ್ಞಾಪಕವಿದೆಯೇ? ಅಮ್ಮ ಹೆದರಿ ಕೂತಿದ್ದಾಗ ನೀನು ಬಚ್ಚಲಿನಿಂದ, “ಬೀಟ್‌ರೂಟ್ ತಿಂದಿದ್ದಕ್ಕೆ ಕಣಮ್ಮ” ಎಂದು ಕೂಗಿದೆ. ಆ ವಾರ ಮನೆಯಲ್ಲಿ ಬೀಟ್‌ರೂಟೇ ತಂದಿರಲಿಲ್ಲ ಎಂದು ಮೊನ್ನೆ ನೆನಪಾಯಿತು. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಶನಿವಾರ ಹೂಮಾಲೆ ಹಾಕಿಕೊಂಡು ಕುರ್ಚಿಯಲ್ಲಿ ಒರಗಿ ಎಲ್ಲರಿಗೂ ಕೈಬೀಸುತ್ತಿರುವ ನೀನು ಕಾಣುತ್ತೀಯ. ಬಾಟಲಿಯಿಂದ ತೊಟ್ಟು ತೊಟ್ಟು ಇಳಿಯುತ್ತಿರುತ್ತದೆ. ನಾನು ಕೂಗುತ್ತಿರುತ್ತೇನೆ, ಆ ಮುಂದಿನ ಮೇಜಿನ ಹುಡುಗಿ ಬಾಗಿಲು ಹಾಕುತ್ತಾಳೆ. ಭಯವಾಗುತ್ತದೆ ಕಣೋ. ಇಷ್ಟು ವಯಸ್ಸಾಗಿ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ರಕ್ತದ ಜೊತೆ ನನಗೊಂದು ಡ್ರಿಪ್ ಬಾಟಲಿಯನ್ನೂ ಐಸಣ್ಣನ ಕೈಯಲ್ಲಿ ಕಳಿಸಿದ್ದೆಯಲ್ಲ, ಮೇಲೆ ಚೀಟಿ ಅಂಟಿಸಿ, ‘ಒಂದ್ಸಲ ಹಾಕಿಸ್ಕೊಂಡು ನೋಡು, ಆಮೇಲೂ ಬೈದ್ರೆ ಕೇಳ್ತೀನಿ’ ಎಂದು. ಅದು ಫ್ರಿಜ್ಜಿನಲ್ಲಿ ಹಾಗೇ ಇದೆ, ಮೊಸರಿನ ಪಾತ್ರೆಯ ಹಿಂದೆ. ಅದರ ಚಿಂತೆ ಬೇಡ.

ಈಗ ನೀನು ಮಾಡಬೇಕಾದ್ದು ಕೇಳು. ಪತ್ರ ಓದಿದ ಕೂಡಲೇ ನೀನು ಮೊದಲು ಕೆಲಸ ಮಾಡುತ್ತಿದ್ದ ದೊಡ್ಡ ಆಸ್ಪತ್ರೆಗೆ ಹೋಗಿ ಜಿ6ಪಿಡಿ ಟೆಸ್ಟಿಗೆ ರಕ್ತ ಕೊಡು. ನಮ್ಮ ಲ್ಯಾಬಿಗೆ ಕಳಿಸಬೇಡ, ನನ್ನ ಮಾತನ್ನೂ ನಂಬಬೇಡ, ಅವರ ಮಾತನ್ನು ನಂಬು. ನಿಮ್ಮ ಕ್ಲಿನಿಕ್ಕಿನಿಂದ ಇಲ್ಲಿಗೆ ಬಂದ ಬೇರೆಯವರ ರಿಪೋರ್ಟುಗಳನ್ನೂ ನಂಬಬೇಡ. ನನ್ನ ನೂರಕ್ಕೆ ಹೋಲಿಸಿ ಅಳೆದವರನ್ನೆಲ್ಲ ಮೇಡಂ ಒಬ್ಬೊಬ್ಬರನ್ನಾಗಿ ಫೋನಿನಲ್ಲಿ ಹುಡುಕಿ ಮತ್ತೆ ಕರೆಸುತ್ತಿದ್ದಾರೆ. ನಿನ್ನ ಡಾಕ್ಟರಿಗೂ ಒಂದು ಕಾಗದ ಬರೆದು ಐಸಣ್ಣನ ಕೈಯಲ್ಲೇ ಕೊಟ್ಟಿದ್ದಾರೆ. ನಿನ್ನ ಟೆಸ್ಟು ಸರಿಯಿದೆ ಎಂದು ಬಂದರೆ ಇನ್ನೊಂದು ದಿನ ಬೇಕಾದರೆ ಎರಡು ಬಾಟಲಿ ಹಾಕಿಸಿಕೋ, ನಾನು ತುಟಿ ಎರಡು ಮಾಡುವುದಿಲ್ಲ.

ಬ್ಯಾನರು ಕಟ್ಟಿಸಿ ಆಗಿದೆ, ಜನರನ್ನು ಕರೆದಾಗಿದೆ, ‘ಮೊದಲ ಡ್ರಿಪ್ ನಮ್ಮವರಿಗೇ’ ಎಂದು ಬರೆಸಿಯೂ ಆಗಿದೆ, ಈಗ ಹಿಂದೆ ಸರಿದರೆ ನಾಲ್ಕು ಜನ ಏನೆಂದಾರು ಎಂದು ನೀನು ಒದ್ದಾಡುತ್ತೀಯ, ಗೊತ್ತು. ಅಂದರೆ ಅನ್ನಲಿ. ನಾಲ್ಕು ಜನ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ. ಮೈಕು ಹಿಡಿದು ನಿಜವನ್ನೇ ಹೇಳು. ರಕ್ತ ನೋಡದೆ ನಾವು ಯಾರಿಗೂ ಹಾಕುವುದಿಲ್ಲ, ಸ್ವತಃ ನಾನೂ ಹಾಕಿಸಿಕೊಳ್ಳಲಿಲ್ಲ ಎಂದು ಹೇಳು. ಅದಕ್ಕಿಂತ ದೊಡ್ಡ ಜಾಹೀರಾತು ಬೇಕೇನೋ? ನಿನಗೆ ಬಾಯಿ ಬಡಾಯಿ ಮೊದಲೇ ಇದೆ, ಒಳ್ಳೆಯ ಕೆಲಸಕ್ಕೆ ಬಳಸು.

ನಿನ್ನನ್ನು ನೆಂಟರ ಮುಂದೆ “ಬಣ್ಣದ ನೀರು ಮಾರೋನು” ಎಂದೆನಲ್ಲ, ನೀನು ತಟ್ಟೆ ಬಿಟ್ಟು ಎದ್ದು ಹೋದೆ. ಅದರ ಬಗ್ಗೆ ಬರೆಯಲು ಕೂತರೆ ಎಡಗೈ ಸಾಲದು. ಡ್ರಿಪ್ಪಿನ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಅದೇ, ಬಾಯಿಮಾತಿಗೆ ಬದಲಾಯಿತು ಎಂದು ಹೇಳಲಾರೆ. ಆದರೆ ಅಭಿಪ್ರಾಯವನ್ನು ಕೋಣೆಯೊಳಗೆ ಕರೆದು ಹೇಳಬಹುದಿತ್ತು. ಅಂದಿನಿಂದ ಮನೆಯಲ್ಲಿ ಏನೋ ಬಿಕೋ ಎನ್ನುತ್ತದೆ. ನೀನಿದ್ದಾಗ ಭಾನುವಾರ ಬಂದರೆ ಸಾಕು, ಬಾಗಿಲಲ್ಲಿ ನಿನ್ನ ದನಿ. ಒಂದು ಬಾಳೆಹಣ್ಣು ತಂದವನಲ್ಲ, ಕೈ ಬೀಸಿಕೊಂಡು ಬರುತ್ತಿದ್ದೆ, ಬಂದವನು ನೇರ ಅಡಿಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದೆ. “ಬಂದ್ನಪ್ಪ ಸಾಹುಕಾರ, ಕೈ ಬೀಸ್ಕೊಂಡು” ಎಂದು ನಾನು ಗೊಣಗಿದರೆ, “ಎರಡು ಕೈ ತಂದಿದೀನಲ್ಲ, ಸಾಲ್ದಾ?” ಎನ್ನುತ್ತಿದ್ದೆ. ನಿನ್ನ ಅತ್ತಿಗೆ ಈಗಲೂ ಭಾನುವಾರ ಒಂದು ಹಿಡಿ ಅಕ್ಕಿ ಹೆಚ್ಚಿಗೇ ಹಾಕುತ್ತಾಳೆ. ಉಳಿದದ್ದನ್ನು ಸೋಮವಾರ ನನಗೇ ಬಡಿಸಿ, “ನಿಮ್ಮ ಬಾಯಿಗೆ ಇದೇ ಶಿಕ್ಷೆ” ಎನ್ನುತ್ತಾಳೆ.

ಇನ್ನೊಂದು ನೆನಪಾಗುತ್ತಿದೆ. ಶಾಲೆಯ ಗೋಡೆ ಹಾರಲು ಹೋಗಿ ನನ್ನ ತೊಡೆ ಸೀಳಿತ್ತು, ಹೊಲಿಗೆ ಹಾಕಿಸಲು ಕರೆದೊಯ್ದಿದ್ದರು. ನೀನಿನ್ನೂ ಪುಟ್ಟವನು, ಮೂಗಿನಲ್ಲಿ ಸಿಂಬಳ. ಡಾಕ್ಟರ ಮುಂದೆ ಹೋಗಿ ಅಂಗಿಯ ತೋಳು ಮಡಚಿ ನಿಂತು, “ನಂದು ತಗೊಳ್ಳಿ, ಅಣ್ಣಂಗೆ ಆಗುತ್ತೆ, ನಮ್ದು ಒಂದೇ ರಕ್ತ” ಎಂದೆ. ರಕ್ತವೇನೂ ಬೇಕಿರಲಿಲ್ಲ, ನಾಲ್ಕು ಹೊಲಿಗೆ ಸಾಕಿತ್ತು. ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ, ಸೆರಗಿನಿಂದ ನಿನ್ನ ಮೂಗು ಒರೆಸಿ ಎತ್ತಿಕೊಂಡಳು. ಈ ಮೂರು ನಾಲ್ಕು ದಿನ ಬಿದ್ದುಕೊಂಡಿರುವಾಗ ಅದೇ ದೃಶ್ಯ ಕಣ್ಣಮುಂದೆ ಬರುತ್ತಿದೆ.

ನಿನ್ನ ಅತ್ತಿಗೆ, “ಬರ್ದಿದ್ದು ಸಾಕು, ಮಲಗ್ರಿ” ಎಂದು ಪೆನ್ನಿಗೆ ಕೈ ಹಾಕುತ್ತಿದ್ದಾಳೆ. ಐಸಣ್ಣನ ಗಾಡಿ ಹೊರಡುವ ಹೊತ್ತೂ ಆಯಿತು. ಪತ್ರವನ್ನು ನಿನ್ನ ಕೈಗೇ ಕೊಡಬೇಕು, ಮೇಜಿನ ಹುಡುಗಿಗೆ ಕೊಡಬಾರದು, ನೀನು ಓದಿ ಮುಗಿಸುವವರೆಗೆ ಜಾಗ ಬಿಟ್ಟು ಕದಲಬಾರದು ಎಂದು ಹೇಳಿದ್ದೇನೆ. ನನ್ನ ವಿಷಯ ಏನು ಕೇಳಿದರೂ ಬಾಯಿ ಬಿಡಬೇಡಿ ಎಂದೂ ಹೇಳಿದ್ದೇನೆ, ಆದ್ದರಿಂದ ಅವರನ್ನು ಕಾಡಬೇಡ. ಹಾಕಿಸಿಕೊಳ್ಳುವುದಿಲ್ಲ ಎಂದು ಒಂದು ಮಾತು ಅವರಿಗೆ ಹೇಳಿ ಕಳಿಸು. ಅಷ್ಟು ಸಾಕು, ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ ಬಾಯಿಬಡುಕ ಅಣ್ಣ,
ಕೆಲಸ ಕಳೆದುಕೊಂಡ ನಾರ್ಮಲ್

ವಿ.ಸೂ. ನಿನ್ನ ಅತ್ತಿಗೆ ಪತ್ರ ಓದಿದಳು. “ಇಷ್ಟೆಲ್ಲ ಬರ್ದು ಆ ಒಂದು ಮಾತು ಬರೀದಿದ್ರೆ ಅವ್ನು ಯಾಕ್ರೀ ನಂಬ್ತಾನೆ? ಬೂಷ್ಟಿನ ಕತೆ ಥರಾನೇ ಇದೂ ಅಂದ್ಕೋತಾನೆ” ಎಂದು ಅತ್ತಳು. ಅವಳು ಹೇಳುವುದು ಸರಿ. ಆದ್ದರಿಂದ ಬರೆಯುತ್ತೇನೆ. ಕ್ಷೇಮ ಎಂದದ್ದು ಸುಳ್ಳು. ಬಾಟಲಿ ಫ್ರಿಜ್ಜಿನಲ್ಲಿಲ್ಲ, ನನ್ನ ಮೈಯಲ್ಲಿದೆ. ಭಾನುವಾರ ಸೂಜಿ ಅಕ್ಕನನ್ನು ಅಂಗಲಾಚಿ ಹಾಕಿಸಿಕೊಂಡೆ, ಅವಳನ್ನು ಬೈಯಬೇಡ. ಶನಿವಾರ ಹೇಳದೆ ಕೇಳದೆ ಬಂದು ಮುಂದಿನ ಸಾಲಿನಲ್ಲಿ ಕೂತು, ನೀನು ಕುರ್ಚಿ ಏರಿದಾಗ ಎದ್ದು ನಿಂತು, “ನಾನೂ ಹಾಕಿಸ್ಕೊಂಡಿದೀನಿ, ಇವನು ನನ್ ತಮ್ಮ” ಎಂದು ಎಲ್ಲರ ಮುಂದೆ ಹೇಳಬೇಕೆಂದಿದ್ದೆ. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ಸರಿ ಮಾಡಬೇಕಿತ್ತಲ್ಲ. ಸೋಮವಾರ ಬೆಳಿಗ್ಗೆ ಸುಸ್ತಿನ ಜೊತೆ ಉಚ್ಚೆಯೂ ನಿನ್ನ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತ್ತು. ಟ್ಯೂಬಿಗೆ ಬರಬೇಕಿದ್ದ ಹಳದಿ ಕಣ್ಣಿಗೆ ಬಂದಿದೆ. ಲ್ಯಾಬಿನ ಎದುರಿನ ಆಸ್ಪತ್ರೆಯಲ್ಲಿ ಮೂರನೆಯ ಮಹಡಿಯಲ್ಲಿ ಮಲಗಿದ್ದೇನೆ, ಬಲಗೈಗೆ ಯಾರದೋ ರಕ್ತ ಏರುತ್ತಿದೆ, ಅದಕ್ಕೇ ಎಡಗೈ. ಏರಿಸಿದಷ್ಟೂ ಇಳಿಯುತ್ತಿದೆ, ಕಿಡ್ನಿಯೂ ಮುನಿಸಿಕೊಂಡಿದೆ, ಡಾಕ್ಟರು ಇನ್ನೆರಡು ದಿನ ನೋಡೋಣ ಎನ್ನುತ್ತಾರೆಯೇ ಹೊರತು ಬೇರೆ ಏನೂ ಹೇಳುತ್ತಿಲ್ಲ. ಇದರಲ್ಲಿ ನಿನ್ನ ತಪ್ಪು ಒಂದು ಎಳ್ಳಿನಷ್ಟೂ ಇಲ್ಲ. ನಾನು ಹಾಕಿಸಿಕೊಳ್ಳದೆ ಹೋಗಿದ್ದರೆ ಶನಿವಾರ ಗೊತ್ತಾಗುತ್ತಿದ್ದದ್ದು ನಿನ್ನ ಮೈಮೇಲೆ. ಅದನ್ನು ನೆನೆದರೆ ಆ ಬಾಟಲಿಗೊಂದು ನಮಸ್ಕಾರ ಹಾಕಬೇಕೆನಿಸುತ್ತದೆ. ಇದನ್ನು ಓದಿದ ಮೇಲೆ ನೀನು ಓಡಿ ಬಂದು ಇಲ್ಲಿಯೂ ತೋಳು ಮಡಚಿ ನಿಲ್ಲುತ್ತೀಯ. ನಿಲ್ಲಬೇಡ ಕಣೋ. ನಿನ್ನ ರಕ್ತ ನನಗೆ ಆಗುವುದಿಲ್ಲ, ಅದೂ ನನ್ನಂಥದ್ದೇ. ಏನೂ ತರಬೇಡ. ಯಾವಾಗಿನಂತೆ ಕೈ ಬೀಸಿಕೊಂಡೇ ಬಾ, ಆದರೆ ಬೇಗ ಬಾ.